ಮುರಿದ ಬೆರಳಿಗೆ ಎಷ್ಟು ವರ್ಷ?

ಕಲ್ಲಡ್ಕದ ಬೀಡಿ ಬ್ರಾಂಚಿನ ಮುಂದೆ ಲೆಕ್ಕ ಕೊಡಲು ನಿಂತ ಹೆಂಗಸರ ಕೈ ನೋಡಿ ಗೆಳೆಯರೆ. ಎಲೆ ಕತ್ತರಿಸಿ, ಹೊಗೆಸೊಪ್ಪು ತುಂಬಿ, ಸುರುಳಿ ಸುತ್ತಿ, ನೂಲು ಕಟ್ಟುವ ಹತ್ತು ಬೆರಳು. ಆ ಬೆರಳೇ ಅವಳ ಗದ್ದೆ, ಅವಳ ಅಡಿಕೆ ತೋಟ. ಕಟ್ಟಿಕೊಂಡ ಗಂಡನೇ ಅದನ್ನು ಮುರಿದರೆ ಎಷ್ಟು ವರ್ಷ?

ಮೂಳೆ ಮುರಿದರೆ 7 ವರ್ಷದವರೆಗೆ ಸಜೆ ಅನ್ನುತ್ತದೆ ಪುಸ್ತಕ. ಆದರೆ ಕೋರ್ಟಿನ ಅನುಮತಿ ಪಡೆದು ರಾಜಿಯಾಗಲು ಅದೇ ಪುಸ್ತಕದಲ್ಲಿ ಬಾಗಿಲಿದೆ. ಗಂಡನ ಮನೆಯ ಕ್ರೌರ್ಯಕ್ಕೆಂದು 1983ರಲ್ಲಿ ಬಂದ 498-ಎ ಕಲಮಿಗೆ ಹೆಚ್ಚೆಂದರೆ 3 ವರ್ಷ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂತು, ಕಲಮಿನ ನಂಬರು 85 ಆಯಿತು, 3 ವರ್ಷ 3 ವರ್ಷವಾಗಿಯೇ ಉಳಿಯಿತು. ಕನಿಷ್ಠ ಇಷ್ಟು ಅಂತ ಅಲ್ಲಿ ಇಲ್ಲವೇ ಇಲ್ಲ. ಮದುವೆಯಾಗಿ 7 ವರ್ಷದೊಳಗೆ ಅವಳು ವರದಕ್ಷಿಣೆಗೆ ಬಲಿಯಾದರೆ ಆಗ ಕನಿಷ್ಠ 7 ವರ್ಷ. ಹಾಗಾದರೆ ಬದುಕಿ ಉಳಿದದ್ದೇ ಅವಳ ತಪ್ಪೇ ಮಾರಾಯ್ರೆ?

ಸೊನ್ನೆಗೂ ಮೂರಕ್ಕೂ ನಡುವೆ ಇರುವುದು ನ್ಯಾಯಾಧೀಶರ ವಿವೇಚನೆ. ಅಪರಾಧ ಸಾಬೀತಾದ ಮೇಲೆ ಶಿಕ್ಷೆಯ ಬಗ್ಗೆ ಕೇಳಿಸಿಕೊಳ್ಳಬೇಕೆಂದು ಕಾನೂನು ಹೇಳುವುದು ಆರೋಪಿಯ ಮಾತನ್ನು. 'ನಾನೇ ದುಡಿಯುವವನು, ವಯಸ್ಸಾದ ತಾಯಿ ಇದ್ದಾಳೆ, ಇದೇ ಮೊದಲ ತಪ್ಪು ಸ್ವಾಮಿ.' ಮೊದಲ ತಪ್ಪೋ, ಮೊದಲ ಕೇಸೋ? ಹತ್ತು ವರ್ಷದ ಹೊಡೆತಕ್ಕೆ ಎಫ್.ಐ.ಆರ್. ಇಲ್ಲ ಅಂದರೆ ಹೊಡೆತವೇ ಇಲ್ಲವೇ? ದುಡಿಯುವವನು ಅವನಾದರೆ ರಾತ್ರಿಯೆಲ್ಲ ಬೀಡಿ ಕಟ್ಟಿದವಳು ಯಾರು?

ಶಿಕ್ಷೆ ಕಡಿಮೆಯಾಯಿತು ಅಂತ ಅವಳು ಮೇಲಿನ ಕೋರ್ಟಿಗೆ ಹೋಗುವ ಹಾಗಿಲ್ಲ. ಖುಲಾಸೆ ಆದರೆ, ಸಣ್ಣ ಅಪರಾಧಕ್ಕೆ ಇಳಿಸಿದರೆ, ಪರಿಹಾರ ಸಾಲದಿದ್ದರೆ ಅಪೀಲು ಹಾಕಬಹುದು. ಶಿಕ್ಷೆ ಹೆಚ್ಚಿಸಿ ಅಂತ ಕೇಳುವ ಹಕ್ಕು ಸರ್ಕಾರದ್ದು. 2020ರಲ್ಲಿ ಸುಪ್ರೀಂ ಕೋರ್ಟು ಇದನ್ನೇ ಖಾಯಂ ಮಾಡಿತು. ಏಟು ತಿಂದವಳು ಅವಳು, ಲೆಕ್ಕ ಸರ್ಕಾರದ್ದು!

ನಮ್ಮವರೇ ಆದ ನ್ಯಾಯಮೂರ್ತಿ ವಿ.ಎಸ್. ಮಳಿಮಠರ ಸಮಿತಿ 2003ರಲ್ಲಿ ವರದಿ ಕೊಟ್ಟಿತು. ಶಿಕ್ಷೆ ಅಳೆಯಲು ಮಾರ್ಗಸೂಚಿ ಬೇಕು ಎಂದಿತು. ಅದೇ ವರದಿ 498-ಎಯನ್ನು ಜಾಮೀನು ಸಿಗುವ, ರಾಜಿಯಾಗುವ ಅಪರಾಧ ಮಾಡಿ ಎಂದೂ ಹೇಳಿತು. ಆ ಎರಡನೆಯದನ್ನು ನಾವು ಒಪ್ಪುವುದಿಲ್ಲ. ಮೊದಲನೆಯದು ಇವತ್ತಿಗೂ ಬಂದಿಲ್ಲ. ಇಂಗ್ಲೆಂಡಿನಲ್ಲಿ 2018ರಿಂದ ಮಾರ್ಗಸೂಚಿ ಇದೆ: ಮನೆಯೊಳಗಿನ ಅಪರಾಧ ನಂಬಿಕೆಯ ದ್ರೋಹ, ಆದ್ದರಿಂದ ಅದು ಇನ್ನೂ ಗಂಭೀರ. ನಮ್ಮಲ್ಲಿ ಮಾತ್ರ 'ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ'. ಮಲಗಿದವಳು ಏಳದಿದ್ದರೆ?

ಇದು ಅಳಿಯಕಟ್ಟಿನ ನಾಡು, ಇಲ್ಲಿ ಹೆಣ್ಣಿಗೆ ಹುಟ್ಟಿದ ಮನೆಯ ಪಾಲಿದೆ ಅಂತ ಎದೆಯುಬ್ಬಿಸುವವರಿದ್ದಾರೆ. ಭೂಮಿ ಇದ್ದವರಿಗೆ ಪಾಲು. ಕಾಲನಿಯ ಮೂರು ಸೆಂಟ್ಸಿನ ಮನೆಯಲ್ಲಿ ಯಾವ ಪಾಲು? ಅವಳು ರಾಜಿಗೆ ಹೆಬ್ಬೆಟ್ಟು ಒತ್ತುವುದು ಕ್ಷಮಿಸಿ ಅಲ್ಲ, ಹೋಗಲು ಜಾಗವಿಲ್ಲದೆ.

ಒಡೆಯರನ್ನು ಬೈದು ನಾವು ಕೈ ತೊಳೆದುಕೊಳ್ಳುವಂತಿಲ್ಲ. ದಣಿಯ ಅಂಗಳದಲ್ಲಿ ಬಗ್ಗಿ ನಿಂತ ನಮ್ಮ ಗಂಡಸು ಆ ಸಿಟ್ಟನ್ನು ಮನೆಗೆ ತಂದು ಹೆಂಡತಿಯ ಬೆನ್ನ ಮೇಲೆ ಇಳಿಸಿದ್ದಾನೆ. ಸಂಘಟನೆಯ ಮರ್ಯಾದೆ ಹೋಗುತ್ತದೆ ಅಂತ ನಾವು ಬಾಯಿ ಮುಚ್ಚಿದ್ದೇವೆ. ಹಿಂದೂ ಕೋಡ್ ಬಿಲ್ಲಿಗೆ ಅಡ್ಡಿಯಾಯಿತೆಂದು 1951ರಲ್ಲಿ ಮಂತ್ರಿಗಿರಿ ಬಿಟ್ಟ ಬಾಬಾಸಾಹೇಬರ ಫೋಟೋ ಆ ಗೋಡೆಯಲ್ಲೂ ತೂಗುತ್ತಿದೆ. ನಾಚಿಕೆಯಾಗಬೇಕು ನಮಗೆ.

ನಾವು ಗಲ್ಲು ಕೇಳುತ್ತಿಲ್ಲ. ಜೈಲು ಮೊದಲು ತುಂಬುವುದು ಬಡವರಿಂದ ಅಂತ ನಮಗಿಂತ ಚೆನ್ನಾಗಿ ಬಲ್ಲವರಾರು? ನಾವು ಕೇಳುವುದು ಇಷ್ಟೆ. ಶಿಕ್ಷೆ ಅಳೆಯುವ ದಿನ ಅವಳ ಮಾತೂ ದಾಖಲಾಗಲಿ. ಹಳೆಯ ಹೊಡೆತಗಳೂ ಲೆಕ್ಕಕ್ಕೆ ಬರಲಿ. ಕಡಿಮೆ ಶಿಕ್ಷೆಯ ವಿರುದ್ಧ ಅಪೀಲು ಅವಳ ಹಕ್ಕಾಗಲಿ. ಬೆರಳು ಹೋದವಳ ದುಡಿಮೆಗೆ ಪರಿಹಾರ ತೀರ್ಪಿನಲ್ಲೇ ಬರಲಿ.

ಅಲ್ಲಿವರೆಗೆ ಬಿ.ಸಿ. ರೋಡಿನ ಕೋರ್ಟಿನ ಮೆಟ್ಟಿಲಲ್ಲಿ ಅವಳು ಒಬ್ಬಳೇ ನಿಲ್ಲಬಾರದು. ಅವಳ ಪಕ್ಕದಲ್ಲಿ ನಾವು ನಿಲ್ಲುತ್ತೇವೆ. ಅವನು ನಮ್ಮವನೇ ಆಗಿದ್ದರೂ.