ಯರಗುಪ್ಪಿಯ ಸುದ್ದಿ ಯರಗುಪ್ಪಿಗೇ ಹೇಳಿದರ ಏನ್ ಬಂತು?

ಯರಗುಪ್ಪಿಯ ದಾರಿಯಲ್ಲಿ ಬಸ್ಸು ಕೆಟ್ಟು ನಿಂತರೆ ಅದು ಸುದ್ದಿ ಹೌದೋ ಅಲ್ಲೋ? ಬೆಂಗಳೂರನ್ನು ಕೇಳಿದರೆ ಅಲ್ಲ. ಆ ಬಸ್ಸಿನಲ್ಲಿ ಕುಂತವರನ್ನು ಕೇಳಿದರೆ ಆ ದಿನದ ಮಟ್ಟಿಗೆ ಅದಕ್ಕಿಂತ ದೊಡ್ಡ ಸುದ್ದಿ ಮತ್ತೊಂದಿಲ್ಲ. ರಾಜ್ಯಮಟ್ಟದ ಪತ್ರಿಕೆ ದೊಡ್ಡದೋ, ಜಿಲ್ಲೆಯ ಪತ್ರಿಕೆ ದೊಡ್ಡದೋ ಎಂಬ ಹಳೇ ಜಗಳದ ಬೇರು ಇಲ್ಲೇ ಐತಿ.

ಮೇಲ್ನೋಟಕ್ಕೆ ಜಗಳ ತೀರಿದಂತೆ ಕಾಣುತ್ತದೆ. ರಾಜ್ಯದ ದೊಡ್ಡ ಪತ್ರಿಕೆಗಳಿಗೆಲ್ಲ ಈಗ ಹುಬ್ಬಳ್ಳಿ ಆವೃತ್ತಿ ಉಂಟು, ಧಾರವಾಡ ಜಿಲ್ಲೆಗೆ ಬೇರೆ ಪುಟ ಉಂಟು. ಕುಂದಗೋಳದ ಸಭೆ, ಅಣ್ಣಿಗೇರಿಯ ಧಾರಣೆ, ಕಲಘಟಗಿಯ ಮಳೆ ಎಲ್ಲ ಅಚ್ಚಾಗುತ್ತವೆ. "ನಮ್ಮೂರ ಹೆಸರು ಪೇಪರಿನ್ಯಾಗ ಬಂತು" ಎಂದು ಜನ ಖುಷಿಪಡುತ್ತಾರೆ. ಆದರೆ ಆ ಪುಟ ಹೋಗುವುದು ಎಲ್ಲಿಗೆ? ಈ ಜಿಲ್ಲೆಗಷ್ಟೇ. ಯರಗುಪ್ಪಿಯ ರಸ್ತೆ ಕೆಟ್ಟರೆ ಆ ಸುದ್ದಿಯನ್ನು ಓದುವವರು ಯರಗುಪ್ಪಿಯವರೇ. ಅವರಿಗೆ ಅದು ಮೊದಲೇ ಗೊತ್ತು; ಅವರ ಸೊಂಟಕ್ಕೂ ಗೊತ್ತು. ಗೊತ್ತಾಗಬೇಕಾದವರು ಕೂತಿರುವುದು 400 ಕಿ.ಮೀ. ಆಚೆ, ವಿಧಾನಸೌಧದಲ್ಲಿ. ಅವರ ಮೇಜಿನ ಮೇಲೆ ಬೀಳುವ ಅದೇ ಹೆಸರಿನ ಪತ್ರಿಕೆಯಲ್ಲಿ ಆ ಪುಟವೇ ಇರುವುದಿಲ್ಲ. ಬೆಂಗಳೂರಿನ ಗಟಾರ ಮಾತ್ರ ಯರಗುಪ್ಪಿಯ ತನಕ ಮುಖಪುಟದಲ್ಲಿ ಹರಿದು ಬರುತ್ತದೆ!

ಈ ಸೀಮೆಗೆ ಪತ್ರಿಕೆ ಹೊಸದೇನಲ್ಲ. 1921ರಲ್ಲಿ ಧಾರವಾಡದಲ್ಲಿ ರಂಗನಾಥ ದಿವಾಕರರು 'ಕರ್ಮವೀರ' ಹೊರಡಿಸಿದರು. ಬೆಳಗಾವಿಯಲ್ಲಿ ಹುಟ್ಟಿದ 'ಸಂಯುಕ್ತ ಕರ್ನಾಟಕ' 1933ರಲ್ಲಿ ಹುಬ್ಬಳ್ಳಿಗೆ ಬಂತು. ಆಗ ಹುಬ್ಬಳ್ಳಿ ಮುಂಬಯಿ ಇಲಾಖೆಯಲ್ಲಿ, ಕುಂದಗೋಳ ಜಮಖಂಡಿ ಸಂಸ್ಥಾನದಲ್ಲಿ. ಕನ್ನಡ ನಾಡು ಹರಿದು ಹಂಚಿಹೋಗಿದ್ದ ದಿನಗಳಲ್ಲಿ ಹುಬ್ಬಳ್ಳಿಯಲ್ಲಿ ಅಚ್ಚಾದ ಪತ್ರಿಕೆ ಎಲ್ಲ ಕನ್ನಡಿಗರೊಡನೆ ಒಟ್ಟಿಗೆ ಮಾತಾಡಬೇಕೆಂಬ ಹಟ ಹೊತ್ತಿತ್ತು. ಹೆಸರಿನಲ್ಲೇ 'ಸಂಯುಕ್ತ' ಎಂದು ಇಟ್ಟುಕೊಂಡಿತ್ತು. ಪಾಟೀಲ ಪುಟ್ಟಪ್ಪನವರು 1954ರಲ್ಲಿ ಹುಬ್ಬಳ್ಳಿಯಿಂದ ಹೊರಡಿಸಿದ ವಾರಪತ್ರಿಕೆಗೆ ಇಟ್ಟ ಹೆಸರಂತೂ 'ಪ್ರಪಂಚ'. ಇದೇ ಧಾರವಾಡದಲ್ಲಿ 1972ರಲ್ಲಿ ರಾಜಶೇಖರ ಕೋಟಿಯವರು ಶುರು ಮಾಡಿದ 'ಆಂದೋಲನ' ಮುಂದೆ ಮೈಸೂರಿಗೆ ಹೋಗಿ ಅಲ್ಲಿನ ಜನರ ದಿನಪತ್ರಿಕೆಯಾಯಿತು. ಊರು ಸಣ್ಣದು, ದನಿ ದೊಡ್ಡದು ಎಂಬುದು ಆ ಕಾಲದ ರೀತಿ.

1999ರಲ್ಲಿ ಲಾರಿ ಉದ್ಯಮದ ವಿಜಯ ಸಂಕೇಶ್ವರರು 'ವಿಜಯ ಕರ್ನಾಟಕ' ತಂದು, ಬೆಲೆ ಇಳಿಸಿ, ಊರೂರಿಗೆ ಆವೃತ್ತಿ ಮಾಡಿದರು. ಉಳಿದವರಿಗೂ ಆ ಹಾದಿ ಹಿಡಿಯದೆ ಗತಿ ಇರಲಿಲ್ಲ. ಪೇಪರು ಮುಟ್ಟದ ಹಳ್ಳಿಗೂ ಪೇಪರು ಮುಟ್ಟಿತು. ಇದು ಸಣ್ಣ ಉಪಕಾರವಲ್ಲ. 2006ರಲ್ಲಿ ಆ ಪತ್ರಿಕೆ ಟೈಮ್ಸ್ ಸಮೂಹಕ್ಕೆ ಮಾರಾಟವಾಯಿತು. ಹುಬ್ಬಳ್ಳಿಯವರು ಕಟ್ಟಿದ ಅಂಗಡಿಯ ಕೀಲಿಕೈ ಹೊರಗಿನವರ ಕೈಗೆ ಹೋಯಿತು.

ಹೊರದೇಶದ ಒಂದು ಉದಾಹರಣೆ ನೋಡ್ರಿ. ಫ್ರಾನ್ಸಿನಲ್ಲಿ ಎಲ್ಲಕ್ಕಿಂತ ಹೆಚ್ಚು ಅಚ್ಚಾಗುವ ಪತ್ರಿಕೆ ಯಾವುದು? ಜಗತ್ತೆಲ್ಲ ಹೆಸರು ಕೇಳಿರುವ ಪ್ಯಾರಿಸ್ಸಿನ 'ಲ ಮೋಂದ್' ಅಲ್ಲ, 1826ರಿಂದ ಇರುವ 'ಲ ಫಿಗಾರೊ'ವೂ ಅಲ್ಲ. ಪಡುವಣ ಸೀಮೆಯ ರೆನ್ ಎಂಬ ಊರಿನಲ್ಲಿ 1944ರಲ್ಲಿ ಹುಟ್ಟಿದ 'ವೆಸ್ತ್-ಫ್ರಾನ್ಸ್'. ಸುಮಾರು 6 ಲಕ್ಷ ಪ್ರತಿ, ಹತ್ತಾರು ಸ್ಥಳೀಯ ಆವೃತ್ತಿ. ಒಂದು ಕಾಲಕ್ಕೆ 10 ಲಕ್ಷ ದಾಟಿದ್ದ ಪ್ಯಾರಿಸ್ಸಿನ 'ಫ್ರಾನ್ಸ್-ಸ್ವಾರ್' ಎಂಬ ಸಂಜೆ ಪತ್ರಿಕೆ 2011ರಲ್ಲಿ ಅಚ್ಚು ನಿಲ್ಲಿಸಿತು. ರಾಜಧಾನಿಯ ದೊಡ್ಡದು ಮುಳುಗಿತು, ಜಿಲ್ಲೆಯದು ಉಳಿಯಿತು. ಯಾಕಂದ್ರ ಅಲ್ಲಿನ ಜನರಿಗೆ ಮಂತ್ರಿಯ ಭಾಷಣಕ್ಕಿಂತ ತಮ್ಮೂರ ಸಾಲಿ, ತಮ್ಮೂರ ಸಾವು-ಮದುವೆ, ತಮ್ಮೂರ ಪಂಚಾಯತಿಯ ಲೆಕ್ಕ ಮುಖ್ಯ. ಇನ್ನೊಂದು ಮಾತು: ಆ ಪತ್ರಿಕೆ 1990ರಿಂದ ಒಂದು ಸಂಘದ ಅಧೀನದಲ್ಲಿದೆ, ಯಾವ ಸಾಹುಕಾರನೂ ಕೊಂಡುಕೊಳ್ಳದಿರಲಿ ಅಂತ. 'ಸಂಯುಕ್ತ ಕರ್ನಾಟಕ'ವನ್ನು ಲೋಕ ಶಿಕ್ಷಣ ಟ್ರಸ್ಟಿನ ಕೈಗೆ ಒಪ್ಪಿಸಿದ ನಮ್ಮ ಹಿರಿಯರಿಗೆ ಈ ಜಾಣತನ ಬಹಳ ಮೊದಲೇ ಹೊಳೆದಿತ್ತು.

ಹಾಗಂತ ಅಲ್ಲಿ ಎಲ್ಲ ಚೊಲೊ ಅಂತಲ್ಲ. ಫ್ರಾನ್ಸಿನ ಮೂಡಣ ಭಾಗದ ಹಲವು ಜಿಲ್ಲಾ ಪತ್ರಿಕೆಗಳು ಒಂದೇ ಬ್ಯಾಂಕಿನ ಒಡೆತನದಲ್ಲಿವೆ. ಹಳ್ಳಿಯ ಸುದ್ದಿ ಬರೆದುಕೊಡುವವರು 1987ರ ಕಾಯದೆಯಂತೆ ನೌಕರರಲ್ಲ, ಬರೆದಷ್ಟಕ್ಕೆ ದುಡ್ಡು. ಒಂದು ಹಳ್ಳಿಯ ತಕರಾರು ಪಕ್ಕದ ಆವೃತ್ತಿಯವರಿಗೆ ಕಾಣದಿರುವುದು ಅಲ್ಲಿಯೂ ಉಂಟು. ರೋಗ ಒಂದೇ, ಊರು ಬೇರೆ.

ಇದರಿಂದ ಆಗುವ ಹಾನಿ ಎಂಥದು ಎಂಬುದನ್ನು ಈ ಜಿಲ್ಲೆಗೆ ಯಾರೂ ಕಲಿಸಿಕೊಡಬೇಕಾಗಿಲ್ಲ. 1980ರ ಜುಲೈ 21ರಂದು ನವಲಗುಂದ, ನರಗುಂದಗಳಲ್ಲಿ ಗುಂಡು ಹಾರಿತು, ರೈತರು ಸತ್ತರು. ಮಲಪ್ರಭೆಯ ನೀರು ನೆಟ್ಟಗೆ ಮುಟ್ಟದ ಹೊಲಕ್ಕೂ ಅಭಿವೃದ್ಧಿ ಕರ ಕಟ್ಟಬೇಕೆಂಬ ಸಿಟ್ಟು ಒಂದೇ ದಿನದಲ್ಲಿ ಹುಟ್ಟಿದ್ದಲ್ಲ. ಆದರೆ ರಾಜಧಾನಿಯ ಕಿವಿ ತೆರೆದದ್ದು ಬಂದೂಕಿನ ಸಪ್ಪಳಕ್ಕೆ. 2016ರ ಜುಲೈಯಲ್ಲಿ ಮಹದಾಯಿ ನೀರಿನ ಸಲುವಾಗಿ ನಡೆದ ಗದ್ದಲದಲ್ಲಿ ನವಲಗುಂದ ತಾಲೂಕಿನ ಯಮನೂರಿನಲ್ಲಿ ಲಾಠಿ ಬೀಸಿದ ಚಿತ್ರ ಟೀವಿಯಲ್ಲಿ ಬಂತು. ಆಗ ಯಮನೂರು ಎಲ್ಲಿ ಐತಿ ಎಂದು ನಾಡೆಲ್ಲ ಕೇಳಿತು. ಅದಕ್ಕೆ ಮೊದಲು ರೈತರು ತಿಂಗಳುಗಟ್ಟಲೆ ಧರಣಿ ಕುಂತಿದ್ದರು. ಕುಂತದ್ದು ಜಿಲ್ಲೆಯ ಪುಟಕ್ಕೆ, ಹೊಡೆಸಿಕೊಂಡದ್ದು ಮುಖಪುಟಕ್ಕೆ! ಮುಖಪುಟಕ್ಕೆ ಏರಬೇಕಾದರೆ ಪೆಟ್ಟು ತಿನ್ನಲೇಬೇಕು ಎಂಬ ಪಾಠವನ್ನು ಪತ್ರಿಕೆಗಳೇ ಜನಕ್ಕೆ ಕಲಿಸಿದರೆ ಮುಂದಿನ ಗತಿ ಏನು?

ಜಿಲ್ಲೆಯ ಪುಟದೊಳಗಾದರೂ ಏನು ತುಂಬಿರುತ್ತದೆ? ಸನ್ಮಾನ, ಶಾಲು, ಹಾರ, ಧುರೀಣರ ಹುಟ್ಟುಹಬ್ಬ. ಬೆಣ್ಣಿಹಳ್ಳ ಉಕ್ಕಿ ಹೊಲಕ್ಕೆ ನುಗ್ಗಿದ ಮರುದಿನವೂ ಅರ್ಧ ಪುಟ ಶುಭಾಶಯದ ಜಾಹೀರಾತು ಇದ್ದರೆ, ಹೆಸರು, ಹತ್ತಿ ಹಾಳಾದ ಸುದ್ದಿಗೆ ನಾಲ್ಕು ಸಾಲು. ಇದರಲ್ಲಿ ತಾಲೂಕಿನ ಬಾತ್ಮಿದಾರನ ತಪ್ಪಷ್ಟೇ ಹುಡುಕಬಾರದು. ಬಹಳ ಕಡೆ ಅವನಿಗೆ ಪಗಾರ ಅಂತಿಲ್ಲ. ಸಿಗುವುದು ಗೌರವಧನ, ಜಾಹೀರಾತು ತಂದರೆ ಕಮಿಷನ್. ಮುಂಜಾನೆ ಧುರೀಣನ ಮನೆಗೆ ಹೋಗಿ ಜಾಹೀರಾತು ಬೇಡಿದವನು ಸಂಜೆ ಅದೇ ಧುರೀಣನ ಗುತ್ತಿಗೆ ಕೆಲಸದ ವಿರುದ್ಧ ಬರೆಯೋದು ಹ್ಯಾಂಗ? ಹೊಟ್ಟೆಯೂ ಒಂದು ಸಂಪಾದಕ ಮಂಡಳಿಯೇ.

ಅಂಗಡಿಕಾರರ ಮಾತೂ ಇಲ್ಲಿ ಬರಬೇಕು. ಒಂದು ಪೇಪರು ತರಿಸಿ ಹದಿನೈದು ಮಂದಿಗೆ ಓದಿಸುವ ದೊಡ್ಡ ಮನಸ್ಸು ಅವರದು. ಈಗ ಅದೂ ಇಲ್ಲ; ಮೊಬೈಲಿನಲ್ಲಿ ಪುಕ್ಕಟೆ ಬಂದದ್ದೇ ಪೇಪರು. ದುಡ್ಡು ಕೊಟ್ಟು ಓದುವವನು ಇಲ್ಲದಿದ್ದರೆ ಪತ್ರಿಕೆ ದುಡ್ಡು ಕೊಟ್ಟು ಬರೆಸುವವನ ಪಾಲಾಗುತ್ತದೆ. ಚಾದ ದರ ಏರಿದರೆ ಸುಮ್ಮನೆ ಕೊಡುವ ಗಿರಾಕಿ ಪೇಪರಿನ ದರ ಒಂದು ರೂಪಾಯಿ ಏರಿದರೆ "ಬ್ಯಾಡ ಬಿಡ್ರಿ" ಅಂತಾನ.

ಆಗಬೇಕಾದ ಕೆಲಸ ಬೆಟ್ಟದಷ್ಟೇನೂ ಇಲ್ಲ. ಹುಬ್ಬಳ್ಳಿಯಲ್ಲಿ ಆವೃತ್ತಿ ಇಟ್ಟುಕೊಂಡ ಪ್ರತಿ ಪತ್ರಿಕೆ ದಿನಕ್ಕೆ ಒಂದಾದರೂ ಹಳ್ಳಿಯ ಸುದ್ದಿಯನ್ನು ಎಲ್ಲ ಆವೃತ್ತಿಗೂ ಕಳಿಸಲಿ, ಬೆಂಗಳೂರಿನದಕ್ಕೆ ಮೊದಲು. ತಾಲೂಕಿನ ಬಾತ್ಮಿದಾರನಿಗೆ ತಿಂಗಳ ಪಗಾರ ಕೊಟ್ಟು, ಜಾಹೀರಾತಿನ ಚೀಲವನ್ನು ಅವನ ಹೆಗಲಿನಿಂದ ಇಳಿಸಲಿ. ಊರಲ್ಲೇ ಅಚ್ಚಾಗುವ ಸಣ್ಣ ಪತ್ರಿಕೆಗಳೂ ಇದಕ್ಕೆ ಹೊರತಲ್ಲ. ಹಾರ-ಶಾಲು ಒಂದು ಕಾಲಮಿಗೆ ಮುಗಿಸಿ, ಉಳಿದದ್ದರಲ್ಲಿ ಪಂಚಾಯತಿಯ ಲೆಕ್ಕ ಹಾಕಲಿ. ಓದುಗರು ತಮ್ಮೂರ ಸುದ್ದಿ ಬಂದ ದಿನ ಕತ್ತರಿಸಿ ಇಟ್ಟುಕೊಳ್ಳುವುದರ ಜತೆಗೆ ಒಂದು ಪ್ರತಿಯನ್ನು ಶಾಸಕರಿಗೆ, ಒಂದನ್ನು ಬೆಂಗಳೂರಿನ ಇಲಾಖೆಗೆ ಟಪಾಲು ಹಾಕಲಿ.

ಪತ್ರಿಕೆ ಅಂದರೆ ಕನ್ನಡಿ ಅಂತಾರ. ಖರೆ. ಆದರೆ ಬರೇ ತನ್ನ ಮುಖ ತಾನೇ ನೋಡಿಕೊಳ್ಳುವುದಕ್ಕೆ ಯರಗುಪ್ಪಿಯ ಮನೆಮನೆಯಲ್ಲೂ ಕನ್ನಡಿ ಐತಿ. ಆ ಊರಿಗೆ ಈಗ ಬೇಕಾದದ್ದು ಕಿಟಕಿ, ಅದೂ ವಿಧಾನಸೌಧದ ಕಡೆಗೆ ತೆರೆದದ್ದು.