ತೊಟ್ಟು ನೋಡಿ ತಗೊಳ್ಳಿ

ಯಾವ ಊರಿಗೆ ಹೊರಟರೂ ನನ್ನದೊಂದು ಚಾಳಿ. ಅಲ್ಲಿ ಸಂತೆ ಯಾವತ್ತು ಅಂತ ಮೊದಲು ಕೇಳ್ಕೊಳ್ಳೋದು. ದೇವಸ್ಥಾನ, ಕೆರೆ ಯಾವತ್ತು ಹೋದರೂ ಅಲ್ಲೇ ಇರ್ತವೆ. ಸಂತೆ ಮಾತ್ರ ತಪ್ಪಿದರೆ ಇನ್ನೊಂದು ವಾರ ಕಾಯಬೇಕು.

ಕಳೆದ ಮಾರ್ಚ್‌ನಲ್ಲಿ ರಜೆ ಹಾಕಿ ಶಿಕಾರಿಪುರ, ಸೊರಬದ ಕಡೆ ಹೊರಟಿದ್ದೆ. ಅಮ್ಮ ಫೋನ್ ಮಾಡಿ, "ಬರ್ತಾ ಇನ್ನೂರು ಅಪ್ಪೆಮಿಡಿ ತಗೊಂಡ್ ಬಾ, ಈ ಸಲ ಉಪ್ಪಿನಕಾಯಿ ಹಾಕೋಣ" ಅಂದ್ಲು. ಅಪ್ಪ ಹೋದ ಮೇಲೆ ಎರಡು ವರ್ಷ ನಮ್ಮ ಮನೆಯ ಭರಣಿ ಅಟ್ಟದಿಂದ ಇಳಿದೇ ಇರಲಿಲ್ಲ. ಅಮ್ಮನ ಬಾಯಲ್ಲಿ ಆ ಮಾತು ಬಂದಿದ್ದೇ ನನಗೆ ದೊಡ್ಡದು.

ಶಿಕಾರಿಪುರದಲ್ಲಿ ಹುಚ್ಚರಾಯಸ್ವಾಮಿಗೆ ಕೈ ಮುಗಿದು ಸಂತೆಗೆ ನುಗ್ಗಿದೆ. ಅರೆಮಲೆನಾಡು ಅಂದ್ರೇನು ಅಂತ ಪುಸ್ತಕ ನೋಡಿ ತಿಳಿಯಬೇಕಿಲ್ಲ. ಒಂದು ಕಡೆ ಒಣಮೆಣಸಿನಕಾಯಿ, ಈರುಳ್ಳಿ, ಶೇಂಗಾ, ಮೆಂತೆ ಸೊಪ್ಪಿನ ಸಿವುಡು. ಇನ್ನೊಂದು ಕಡೆ ವೀಳ್ಯದೆಲೆ, ಅಡಿಕೆ, ಮಗೆಕಾಯಿ. ಒಂದು ಮೂಲೆಯಲ್ಲಿ ಗೋಣಿ ಹಾಸಿ ಮಿಡಿ ರಾಶಿ ಹಾಕಿದ್ದರು. ನೂರಕ್ಕೆ 150 ರೂಪಾಯಿ. ಚೌಕಾಸಿ ಮಾಡಿ ಇನ್ನೂರಕ್ಕೆ 260 ಕೊಟ್ಟೆ. ಗೆದ್ದೆ ಅಂದ್ಕೊಂಡು ಅಮ್ಮಂಗೆ ಫೋಟೋನೂ ಕಳಿಸಿದೆ. ಒಂದು ಥಂಬ್ಸ್ ಅಪ್ ಬಂತು, ಅಷ್ಟೇ.

ಶಿರಾಳಕೊಪ್ಪ ದಾಟಿ ಸೊರಬದ ಕಡೆ ಹೋದ ಹಾಗೆ ಗಾಳಿಯೇ ಬದಲಾಗ್ತದೆ. ಗದ್ದೆ, ಅಡಿಕೆ ತೋಟ, ಅನಾನಸ್, ಮಧ್ಯೆ ಮಧ್ಯೆ ದಟ್ಟ ಕಾನು. ಈ ಕಾನುಗಳ ಬಗ್ಗೆ 1868ರಲ್ಲೇ ಬ್ರಾಂಡಿಸ್ ಮತ್ತು ಗ್ರಾಂಟ್ ಅನ್ನೋ ಬ್ರಿಟಿಷ್ ಕಾಲದ ಅಧಿಕಾರಿಗಳು ವರದಿ ಬರೆದಿದ್ದರು. ಆಗ ಸೊರಬ ತಾಲ್ಲೂಕೊಂದರಲ್ಲೇ 171 ಕಾನುಗಳಿದ್ದವಂತೆ. ಊರಿನವರಿಗೆ ಕಾಳುಮೆಣಸು, ಹಳ್ಳದ ನೀರು ಎಲ್ಲ ಅಲ್ಲಿಂದಲೇ.

ಸೊರಬದ ಸಂತೆಯಲ್ಲಿ ಒಬ್ಬರು ಅಜ್ಜಿ ಬುಟ್ಟಿಯಲ್ಲಿ ಮಿಡಿ ಇಟ್ಕೊಂಡು ಕೂತಿದ್ದರು. ಸುಮ್ಮನೆ ರೇಟು ಕೇಳಿದೆ.

"ನೂರಕ್ಕೆ ಮುನ್ನೂರು, ಮಗಾ."

"ಅಯ್ಯೋ ಅಜ್ಜೀ, ಶಿಕಾರಿಪುರದಲ್ಲಿ ಅರ್ಧಕ್ಕಿಂತ ಕಮ್ಮಿಗೆ ಸಿಕ್ತು!"

"ಎಲ್ಲಿ, ತೋರ್ಸು" ಅಂದ್ರು. ಚೀಲ ಬಿಚ್ಚಿದೆ. ನಾಲ್ಕೈದು ಕೈಗೆತ್ತಿ ತಿರುಗಿಸಿ ನೋಡಿದ್ರು. ಒಂದಕ್ಕೂ ತೊಟ್ಟಿಲ್ಲ. ಕೆಲವಕ್ಕೆ ಆಗಲೇ ಕಪ್ಪು ಕಲೆ ಬಿದ್ದಿತ್ತು.

ಆಮೇಲೆ ತಮ್ಮ ಬುಟ್ಟಿಯ ಒಂದು ಮಿಡಿ ಎತ್ತಿ ತೊಟ್ಟು ಮುರಿದ್ರು. ಸೊನೆ ಚಿಮ್ಮಿ, ಘಮ್ ಅಂತ ವಾಸನೆ ಬಂತು. "ಈ ಸೊನೆ ಒಳಗೇ ಇದ್ರೆ ಮಾತ್ರ ಮಿಡಿ ಗಟ್ಟಿ ನಿಲ್ತದೆ. ಅದಕ್ಕೇ ತೊಟ್ಟು ಬಿಟ್ಟು ಕೊಯ್ಯಬೇಕು. ನನ್ನ ಮಗ ಮರ ಹತ್ತಿ, ಒಂದೊಂದೇ ಕೊಯ್ದು, ಬುಟ್ಟಿಗೆ ಹಗ್ಗ ಕಟ್ಟಿ ಇಳಿಸ್ತಾನೆ. ದಿನವೆಲ್ಲ ಹಿಡೀತದೆ. ಕೆಲವರು ಕೊಂಬೆನೇ ಕಡಿದು ಕೆಡವ್ತಾರೆ. ಒಂದು ಗಂಟೆ ಕೆಲಸ. ಮಿಡಿ ನೆಲಕ್ಕೆ ಬಿದ್ದು ಪೆಟ್ಟಾಗ್ತದೆ, ತೊಟ್ಟು ಹೋಗ್ತದೆ. ಅದಕ್ಕೆ ರೇಟು ಕಮ್ಮಿ. ಮುಂದಿನ ವರ್ಷ ಆ ಮರದಲ್ಲಿ ಎಂತ ಸಿಗ್ತದೆ ಹೇಳು?"

ನನ್ನ ಚೀಲದ ಮಿಡಿ ಹಾಗೇ ಬಂದಿದ್ದೋ, ದಾರಿಯಲ್ಲಿ ತೊಟ್ಟು ಕಳಚಿದ್ದೋ ಗೊತ್ತಿಲ್ಲ. ಕೊಳ್ಳುವಾಗ ನಾನು ಕೇಳಿರಲಿಲ್ಲ, ಅದು ನನ್ನ ತಪ್ಪು. ಅಪ್ಪೆ ಹೆಚ್ಚಾಗಿ ಹಳ್ಳ-ಹೊಳೆಗಳ ದಂಡೆಯಲ್ಲಿ ತಾನಾಗೇ ಬೆಳೆಯೋ ಮರ. ಒಂದು ಮರದ ಮಿಡಿಗೆ ಜೀರಿಗೆಯ ಘಮ, ಇನ್ನೊಂದಕ್ಕೆ ಕರ್ಪೂರದ್ದು. ಈಗ ಭೌಗೋಳಿಕ ಸೂಚ್ಯಂಕವೂ ಸಿಕ್ಕಿದೆ, ಕಸಿ ಗಿಡ ನೆಡುವವರೂ ಇದ್ದಾರೆ. ಆದರೂ ಹಳೇ ಮರ ಉಳಿಯೋದು ಸಂತೆಯಲ್ಲಿ ನಿಂತು ನಾವು ಎಂಥ ಮಿಡಿಗೆ ದುಡ್ಡು ಕೊಡ್ತೀವಿ ಅನ್ನೋದರ ಮೇಲೂ ಇದೆ.

ಅಜ್ಜಿ ಹತ್ತಿರ ನೂರು ತಗೊಂಡೆ. ಚೌಕಾಸಿ ಮಾಡೋಕೆ ಬಾಯೇ ಬರಲಿಲ್ಲ. ಎಣಿಸಿ ಕೊಟ್ಟ ಮೇಲೆ ಇನ್ನೂ ಐದು ಚೀಲಕ್ಕೆ ಹಾಕಿ, "ಬಿಸಿಲಲ್ಲಿ ಇಡಬೇಡ, ಹೋದ ಕೂಡಲೇ ಉಪ್ಪಿಗೆ ಹಾಕು" ಅಂದ್ರು.

ಅಮ್ಮ ಎರಡನ್ನೂ ಬೇರೆ ಬೇರೆ ಭರಣಿಗೆ ಹಾಕಿದ್ಲು. ಮಳೆಗಾಲ ಮುಗಿಯೋ ಹೊತ್ತಿಗೆ ಮೊದಲನೆಯದು ಮೆತ್ತಗಾಗಿ ಚೆಲ್ಲಬೇಕಾಯ್ತು. ಅಜ್ಜಿಯ ಮಿಡಿ ಇವತ್ತಿಗೂ ಕಚ್ಚಿದರೆ ಕಟುಂ ಅನ್ನುತ್ತೆ.

ಮೊದಲ ದಿನ ಮೊಸರನ್ನದ ಜೊತೆ ಬಡಿಸುವಾಗ ಅಮ್ಮ ಹೇಳಿದ್ಲು: "ನಿಮ್ಮಪ್ಪ ತೊಟ್ಟು ನೋಡದೆ ಒಂದು ಮಿಡೀನೂ ತರ್ತಿರ್ಲಿಲ್ಲ. ನೀನು ಫೋಟೋ ಕಳಿಸಿದಾಗ್ಲೇ ಗೊತ್ತಾಯ್ತು. ಖುಷಿಯಲ್ಲಿದ್ದೆ, ಯಾಕೆ ಹೇಳಲಿ ಅಂತ ಸುಮ್ನಿದ್ದೆ."

ಈ ಮಾರ್ಚ್‌ನಲ್ಲಿ ನೀವು ಆ ಕಡೆ ಹೋದರೆ ಬಟ್ಟೆ ಚೀಲ, ಸ್ವಲ್ಪ ಚಿಲ್ಲರೆ ಇಟ್ಕೊಳ್ಳಿ. ಬೆಳಿಗ್ಗೆಯೇ ಸಂತೆಗೆ ಹೋಗಿ. ರೇಟು ಕೇಳೋ ಮೊದಲು ತೊಟ್ಟು ನೋಡಿ. ಹೇಗೆ ಕೊಯ್ದಿದ್ದು ಅಂತನೂ ಒಂದು ಮಾತು ಕೇಳಿ.