ಕುಡಿಯುವವನು ಅವನು, ಕಟಕಟೆಯಲ್ಲಿ ಅವಳು

"ಹೆಂಡತಿ ಸರಿಯಾಗಿದ್ದಿದ್ದರೆ ಅವನು ಯಾಕೆ ಕುಡೀತಿದ್ದ?" ಈ ಮಾತು ನಮ್ಮ ಊರುಗಳಲ್ಲಿ ಎಷ್ಟು ಸಲೀಸಾಗಿ ಓಡಾಡುತ್ತದೆಂದರೆ, ಇದು ನಿಜವೇ ಎಂದು ಕೇಳುವ ಗೋಜಿಗೆ ಯಾರೂ ಹೋಗುವುದಿಲ್ಲ. ಮದುವೆಮನೆಯ ಊಟದ ಪಂಕ್ತಿಯಲ್ಲಿ, ಅರಿಶಿನ ಕುಂಕುಮಕ್ಕೆ ಹೋದ ಮನೆಯಲ್ಲಿ, ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಕೂಡ ಇದನ್ನು ಕೇಳಿದ್ದೇನೆ. ಆಡುವವರು ಹೆಚ್ಚಾಗಿ ಗಂಡಸರಲ್ಲ, ನಾವೇ ಹೆಂಗಸರು. ಆದ್ದರಿಂದ ನನ್ನ ಈ ತಕರಾರು ನಮ್ಮ ನಮ್ಮೊಳಗಿನದು.

ಮಗನಿಗೆ ಕುಡಿತದ ಚಟ ಹತ್ತಿದೆ ಎಂದು ಗೊತ್ತಾದ ಕೂಡಲೇ ಹಿರಿಯರು ಕೊಡುವ ಸಲಹೆ ಯಾವುದು? "ಒಂದು ಮದುವೆ ಮಾಡಿಬಿಡಿ, ಜವಾಬ್ದಾರಿ ಬಂದರೆ ತಾನೇ ಸರಿಹೋಗುತ್ತಾನೆ." ಹೆತ್ತವರು, ಅಣ್ಣತಮ್ಮಂದಿರು, ಗೆಳೆಯರು ಎಲ್ಲರೂ ಸೇರಿ ಹತ್ತು ವರ್ಷದಲ್ಲಿ ಮಾಡಲಾಗದ ಕೆಲಸವನ್ನು ಇಪ್ಪತ್ತೆರಡು ವರ್ಷದ ಹುಡುಗಿಯೊಬ್ಬಳು ಬಂದು ಮಾಡಬೇಕು. ಮಾಡಲಾಗದಿದ್ದರೆ ಅವಳ ಕಾಲ್ಗುಣ ಸರಿಯಿಲ್ಲ. ಕ್ಷಯ ಬಂದವನಿಗೆ ಮದುವೆಯೇ ಔಷಧ ಎಂದು ಯಾರಾದರೂ ಹೇಳಿದ್ದುಂಟೇ?

ಮೊದಲ ಲೋಟ ಎತ್ತಿದ್ದು ಅವನ ಇಷ್ಟದಿಂದಲೇ ಇರಬಹುದು. ಆದರೆ ವರ್ಷಗಟ್ಟಲೆ ಕುಡಿದ ಮೇಲೆ ಮೆದುಳು ಮದ್ಯಕ್ಕೆ ಒಗ್ಗಿಕೊಂಡುಬಿಡುತ್ತದೆ. ಆಮೇಲೆ ಒಮ್ಮೆಗೇ ನಿಲ್ಲಿಸಿದರೆ ಕೈ ನಡುಗುತ್ತದೆ, ಬೆವರು ಕಿತ್ತು ಬರುತ್ತದೆ, ನಿದ್ದೆ ಹತ್ತುವುದಿಲ್ಲ. ಕೆಲವರಿಗೆ ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರುತ್ತದೆ. ಇನ್ನು ಕೆಲವರಿಗೆ ಎರಡು ಮೂರನೆಯ ದಿನಕ್ಕೆ ಮತಿ ಕಲಕಿ, ಇಲ್ಲದ್ದೆಲ್ಲ ಕಣ್ಣಿಗೆ ಕಾಣತೊಡಗುತ್ತದೆ. ಜೀವವೇ ಹೋಗುವ ಸಂಭವವಿದೆ. ದೇವರ ಮುಂದೆ ಆಣೆ ಮಾಡಿಸಿ ಕೋಣೆಯಲ್ಲಿ ಕೂಡಿಹಾಕು ಎನ್ನುವವರಿಗೆ ಇದು ತಿಳಿದಿರುವುದಿಲ್ಲ. ಇದು ಡಾಕ್ಟರು ನೋಡಬೇಕಾದ ಕಾಯಿಲೆ. ಹಾಗಾದರೆ ಅವನ ತಪ್ಪೇ ಇಲ್ಲವೇ ಎಂದು ನೀವು ಕೇಳಬಹುದು. ಸಕ್ಕರೆ ಕಾಯಿಲೆಯವನಿಗೆ ಮಾತ್ರೆ ನುಂಗುವ, ಪಥ್ಯ ಮಾಡುವ ಹೊಣೆ ಇರುವಂತೆ ಇವನಿಗೂ ಚಿಕಿತ್ಸೆಗೆ ಹೋಗುವ ಹೊಣೆ ಇದೆ. ಇನ್ನು ಕೈಮಾಡುವುದಕ್ಕೆ ಯಾವ ಕಾಯಿಲೆಯೂ ರಹದಾರಿಯಲ್ಲ. ಅದಕ್ಕೆ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯಿದೆ ಇದೆ.

ಆದರೆ ನಾವು ಹೆಂಡತಿಯ ಕೈಗೆ ಕೊಡುವುದೇನು? ಒಂದು ಪೊಟ್ಟಣ. "ಅವನಿಗೆ ಗೊತ್ತಾಗದ ಹಾಗೆ ಸಾರಿನಲ್ಲಿ ಕಲಸಿಬಿಡು." ಗೋಡೆಗಳ ಮೇಲೆ, ಬಸ್ಸಿನ ಸೀಟಿನ ಹಿಂದೆ ಇಂಥ ಪುಡಿಯ ಜಾಹೀರಾತು ನೀವೂ ಓದಿರುತ್ತೀರಿ. ಒಳಗೆ ಏನಿದೆಯೋ ಹೇಳುವವರಿಲ್ಲ. ಡಾಕ್ಟರು ಕೊಡುವ ಡೈಸಲ್ಫಿರಾಂ ಎಂಬ ಮಾತ್ರೆಯನ್ನೂ ಹೀಗೆ ಕದ್ದು ಬೆರೆಸುವವರಿದ್ದಾರೆ. ಮದ್ಯ ದೇಹದಲ್ಲಿ ಕರಗುವಾಗ ನಡುವೆ ಅಸಿಟಾಲ್ಡಿಹೈಡ್ ಎಂಬ ವಿಷವಸ್ತು ಹುಟ್ಟುತ್ತದೆ. ಈ ಮಾತ್ರೆ ಅದನ್ನು ಮುಂದೆ ಕರಗಲು ಬಿಡುವುದಿಲ್ಲ. ಇದನ್ನು ನುಂಗಿದವನು ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ಎದೆ ಬಡಿತ ಹೆಚ್ಚಿ, ರಕ್ತದೊತ್ತಡ ಕುಸಿಯುತ್ತದೆ. ಕುಡಿಯಬಾರದು ಎಂದು ಅವನಿಗೆ ಗೊತ್ತಿರಬೇಕು, ಅವನು ಒಪ್ಪಿರಬೇಕು, ಯಕೃತ್ತು, ಹೃದಯ ಪರೀಕ್ಷೆಯಾಗಿರಬೇಕು. ಆಗ ಮಾತ್ರ ಇದು ಔಷಧ. ಗುಟ್ಟಾಗಿ ಸಾರಿಗೆ ಬೆರೆಸಿದ ಮೇಲೆ ಅವನು ಸತ್ತರೆ ಪೊಲೀಸರು ಯಾರನ್ನು ಕೇಳುತ್ತಾರೆ? ಸಲಹೆ ಕೊಟ್ಟ ಪಕ್ಕದ ಮನೆಯಾಕೆಯನ್ನಲ್ಲ, ಅಡಿಗೆ ಮಾಡಿದವಳನ್ನು.

ಇರಲಿ, ಅವನು ಬಿಟ್ಟ ಎಂದೇ ಇಟ್ಟುಕೊಳ್ಳೋಣ. ಮದ್ಯವರ್ಜನ ಶಿಬಿರದಿಂದಲೋ ಆಸ್ಪತ್ರೆಯಿಂದಲೋ ಮನೆಗೆ ಬಂದ. ಎಲ್ಲರೂ ಅವನನ್ನು ಹೊಗಳಿದರು. ಹೊಗಳಲಿ, ಅವನು ಗೆದ್ದದ್ದು ಸಣ್ಣದೇನಲ್ಲ. ಆದರೆ ಅದೇ ದಿನ ಅವಳ ಕಿವಿಯಲ್ಲಿ ಹೇಳಿ ಹೋಗುವ ಮಾತು ಕೇಳಿ: "ಇನ್ನು ಅವನ ಮನಸ್ಸು ನೋಯಿಸಬೇಡ. ನೀನು ಏನಾದರೂ ಅಂದರೆ ಮತ್ತೆ ಕುಡಿದಾನು." ಹತ್ತು ವರ್ಷ ಅವನಿಗೆ ಹೆದರಿ ಬಾಯಿ ಮುಚ್ಚಿಕೊಂಡಿದ್ದವಳು ಈಗ ಅವನ ಒಳಿತಿಗಾಗಿ ಬಾಯಿ ಮುಚ್ಚಿಕೊಳ್ಳಬೇಕು.

ಅವಳ ಒಳಗೆ ಆಗುವುದೇ ಬೇರೆ. ಅಪಾಯ ಇರುವಷ್ಟು ದಿನ ಅಳುವುದಕ್ಕೂ ಪುರುಸೊತ್ತಿರಲಿಲ್ಲ. ಫೀಸು, ಬಾಡಿಗೆ, ಸಾಲ, ಅತ್ತೆಯ ಔಷಧ ಎಲ್ಲ ಅವಳೇ ತೂಗಿಸಿದ್ದಳು. ಅವನು ನೆಟ್ಟಗೆ ಕೂತು ಅನ್ನ ಉಣ್ಣತೊಡಗಿದ ಮೇಲೆ ಅವಳಿಗೆ ಸಿಟ್ಟು ಬರುತ್ತದೆ. ಅಡವಿಟ್ಟ ಬಳೆ ನೆನಪಾಗುತ್ತದೆ. ಅವನು ಹತ್ತು ನಿಮಿಷ ತಡವಾದರೆ ಎದೆ ಡವಗುಟ್ಟುತ್ತದೆ, ಒಳಗೆ ಬಂದರೆ ಮೂಗು ತಾನಾಗಿ ವಾಸನೆ ಹುಡುಕುತ್ತದೆ. ಅವನಿಗೋ ತಿಂಗಳುಗಟ್ಟಲೆ ನಿದ್ದೆ ಸರಿಯಿಲ್ಲ, ಮಾತು ಮಾತಿಗೆ ಸಿಡುಕು, ಹಿಂದಿನದನ್ನು ನೆನೆದರೆ ನಾಚಿಕೆ. ಜೊತೆಗೆ, ಬಿಟ್ಟಿದ್ದೇನಲ್ಲ, ಇನ್ನೂ ಯಾಕೆ ನಂಬುವುದಿಲ್ಲ ಎಂಬ ಅಸಮಾಧಾನ. ಈ ಎರಡೂ ಸಂಕಟಗಳು ಸಹಜ, ಎರಡಕ್ಕೂ ಕಾಲ ಬೇಕು. ಮಕ್ಕಳಿಗೂ ಬೇಕು. ತಂದೆ ಕುಡಿತ ಬಿಟ್ಟು ವರ್ಷ ಕಳೆದ ಮೇಲೂ ಸ್ಕೂಟರ್ ನಿಂತ ಸದ್ದಿಗೆ ಪುಸ್ತಕ ಮುಚ್ಚಿ ಒಳಕೋಣೆಗೆ ಓಡುತ್ತಿದ್ದ ಹುಡುಗಿಯೊಬ್ಬಳಿಗೆ ನಾನು ಪಾಠ ಹೇಳಿದ್ದೇನೆ.

ಇದು ನಮ್ಮೂರಿನ ಕಥೆ ಮಾತ್ರವಲ್ಲ. ಅಮೆರಿಕದಲ್ಲಿ 1935ರಲ್ಲಿ ಆಲ್ಕೊಹಾಲಿಕ್ಸ್ ಅನಾನಿಮಸ್ ಕೂಟವನ್ನು ಹುಟ್ಟುಹಾಕಿದ ಇಬ್ಬರಲ್ಲಿ ಬಿಲ್ ವಿಲ್ಸನ್ ಒಬ್ಬರು. ಅವರು ಕುಡಿತ ಬಿಟ್ಟ ಮೇಲೊಂದು ದಿನ ಸಭೆಗೆ ಹೊರಡೋಣವೆಂದು ಕರೆದಾಗ ಹೆಂಡತಿ ಲೋಯಿಸ್ ಸಿಟ್ಟಿಗೆದ್ದು ಶೂ ಎಸೆದುಬಿಟ್ಟರಂತೆ. ಬೇಕೆಂದು ಹಾರೈಸಿದ್ದು ಕೈಗೂಡಿದ ಮೇಲೆ ಇದೇಕೆ ಈ ಸಿಟ್ಟು ಎಂದು ಅವರಿಗೇ ಆಶ್ಚರ್ಯವಾಯಿತು. ಕುಡುಕರ ಮನೆಯವರಿಗೂ ಆರೈಕೆ ಬೇಕು ಎಂಬ ಆ ತಿಳಿವಳಿಕೆಯಿಂದಲೇ 1951ರಲ್ಲಿ ಅಲ್-ಅನಾನ್ ಎಂಬ ಮನೆಯವರ ಕೂಟ ರೂಪುಗೊಂಡಿತು. ನಮ್ಮ ಪಕ್ಕದ ಚೆನ್ನೈಯಲ್ಲಿ, ಕುಡಿತದ ಕಾಯಿಲೆಗೆ ಗಂಡನನ್ನು ಕಳೆದುಕೊಂಡ ಶಾಂತಿ ರಂಗನಾಥನ್ 1980ರಲ್ಲಿ ಚಿಕಿತ್ಸೆಯ ಸಂಸ್ಥೆಯನ್ನೇ ಕಟ್ಟಿದರು. ಅಲ್ಲಿ ಮನೆಯವರನ್ನೂ ಕೂರಿಸಿ ಮಾತಾಡಿಸುವುದು ಚಿಕಿತ್ಸೆಯದೇ ಒಂದು ಭಾಗ. 1992ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಮತ್ತೆ ಕುಡಿದರೆ? "ನಾಯಿ ಬಾಲ ಡೊಂಕೇ" ಎಂದು ತೀರ್ಪು ಕೊಟ್ಟು, "ಏನಂದೆ ಅವನಿಗೆ?" ಎಂದು ಮತ್ತೆ ಅವಳನ್ನೇ ಕೇಳುತ್ತೇವೆ. ಮರಳಿ ಬೀಳುವುದು ಈ ಕಾಯಿಲೆಯಲ್ಲಿ ತೀರ ಸಾಮಾನ್ಯ. ಮತ್ತೆ ಡಾಕ್ಟರ ಹತ್ತಿರ ಹೋಗಬೇಕು, ಅಷ್ಟೆ. ಗೃಹಪ್ರವೇಶದ ಪಾರ್ಟಿಯಲ್ಲಿ "ಒಂದೇ ಪೆಗ್ಗಿಗೆ ಏನಾಗುತ್ತೆ" ಎಂದು ಲೋಟ ಮುಂದೆ ಹಿಡಿದ ಗೆಳೆಯನನ್ನು ಮಾತ್ರ ಯಾರೂ ಏನೂ ಕೇಳುವುದಿಲ್ಲ. ಅಬಕಾರಿ ಆದಾಯಕ್ಕೆ ವರ್ಷವರ್ಷ ಗುರಿ ಇಡುವ ಸರ್ಕಾರವನ್ನೂ ಕೇಳುವುದಿಲ್ಲ. ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್ ನಡೆಸಿದ, 2019ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ಮದ್ಯಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಏನಾದರೊಂದು ಚಿಕಿತ್ಸೆ ಸಿಕ್ಕಿತ್ತು. ಉಳಿದ 37 ಮನೆಗಳಲ್ಲಿ ಡಾಕ್ಟರು, ದಾದಿ, ಕಾವಲು ಎಲ್ಲ ಯಾರಾಗಿರುತ್ತಾರೆಂದು ನಾನು ಹೇಳಬೇಕಾಗಿಲ್ಲ.

ಹಾಗಾಗಿ ನನ್ನ ಕೋರಿಕೆ ಇಷ್ಟೆ. ಅವಳಿಗೆ ಪುಡಿಯ ಪೊಟ್ಟಣ ಕೊಡಬೇಡಿ, ವಿಳಾಸ ಕೊಡಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ವಿಭಾಗವಿದೆ. ಜಿಲ್ಲಾ ಆಸ್ಪತ್ರೆಯಲ್ಲಿ ಮಾನಸಿಕ ತಜ್ಞರನ್ನು ಕಾಣಬಹುದು. 2022ರಲ್ಲಿ ಶುರುವಾದ ಟೆಲಿ ಮಾನಸ್‌ನ 14416ಕ್ಕೆ ಅವಳೇ ಫೋನ್ ಮಾಡಿ ಕನ್ನಡದಲ್ಲಿ ತನ್ನ ಕಷ್ಟ ಹೇಳಿಕೊಳ್ಳಬಹುದು, ದುಡ್ಡು ಬೇಡ. ವ್ಯಸನಮುಕ್ತಿಗೆಂದೇ ಇರುವ ಸಹಾಯವಾಣಿ 14446. ಅವಳು ಅತ್ತರೆ "ಈಗ ನಿನಗೇನು ಕಷ್ಟ?" ಎನ್ನದೆ ಒಂದರ್ಧ ಗಂಟೆ ಕೇಳಿಸಿಕೊಳ್ಳಿ. ಮುಂದಿನ ಸಲ ಪಂಕ್ತಿಯಲ್ಲಿ ಯಾರಾದರೂ ಆ ಹಳೆಯ ಪ್ರಶ್ನೆ ಎತ್ತಿದರೆ, ಎಲೆಯ ಮೇಲಿನ ಅನ್ನ ಆರಿದರೂ ಸರಿ, ಅಲ್ಲೇ ತಡೆದು ಉತ್ತರ ಕೊಡಿ: ಅವನು ಕುಡಿದದ್ದು ಅವಳಿಂದಲ್ಲ.